ಕಪ್ಪು ಕ್ವಾರ್ಟ್ಜ್ ಹಾಕಿಸುವ ಮುಂಚೆ: ದಾವಣಗೆರೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆಯಲ್ಲಿ ಮನೆ, ಅಂಗಡಿ, ಕ್ಲಿನಿಕ್‌ಗಳ ಒಳಾಂಗಣ ಕೆಲಸ ಮಾಡಿಸುತ್ತೇನೆ. ಅಡುಗೆ ಕಟ್ಟೆ, ಟೇಬಲ್, ಕೌಂಟರಿಗೆ ಹಾಕಿಸುವ ಕಪ್ಪು, ಕಡು ಬೂದು, ಕಡು ಹಸಿರು ಬಣ್ಣದ ಕ್ವಾರ್ಟ್ಜ್ ಸ್ಲಾಬ್ ಬಗ್ಗೆ ಜನ ಫೋನಿನಲ್ಲಿ ಕೇಳುತ್ತಾರೆ. ಕೆಲಸ ನಡೆಯುವ ಜಾಗದಲ್ಲಿ ಕೇಳುತ್ತಾರೆ. ಗೃಹಪ್ರವೇಶದ ಊಟಕ್ಕೆ ಕೂತಾಗಲೂ ಕೇಳುತ್ತಾರೆ. ಅವರು ಕೇಳಿದ ಹಾಗೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಬೇಕಾದ ಪ್ರಶ್ನೆ ಮಾತ್ರ ಓದಿದರೂ ಸಾಕು. ಮೊದಲನೆಯದನ್ನು ಮಾತ್ರ ಎಲ್ಲರೂ ಓದಿ.

## ಶುರುವಿನಲ್ಲಿ

ಕ್ವಾರ್ಟ್ಜ್ ಅಂದ್ರೆ ಗ್ರಾನೈಟೇ ಅಲ್ವಾ? ಹೆಸರು ಮಾತ್ರ ಬೇರೆ ಇಟ್ಟಿದ್ದಾರಾ?

ಅಲ್ಲ. ಗ್ರಾನೈಟ್ ಭೂಮಿಯಿಂದ ಬಂಡೆಯಾಗಿಯೇ ಬರುತ್ತದೆ. ಕೊಯ್ದು, ಪಾಲಿಶ್ ಮಾಡಿ ಮಾರುತ್ತಾರೆ. ಕ್ವಾರ್ಟ್ಜ್ ಸ್ಲಾಬ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಚಿತ್ರದುರ್ಗದ ಕಡೆ ಹೊಲಗಳಲ್ಲಿ ಬೆಳ್ಳಗೆ ಹೊಳೆಯುತ್ತಾ ಬಿದ್ದಿರುತ್ತದಲ್ಲ, ಬೆಣಚುಕಲ್ಲು, ಅದೇ ಕ್ವಾರ್ಟ್ಜ್. ಅದನ್ನು ಹರಳು ಮತ್ತು ಪುಡಿ ಮಾಡಿ, ಪಾಲಿಯೆಸ್ಟರ್ ರೆಸಿನ್ ಎಂಬ ಅಂಟು ಮತ್ತು ಬಣ್ಣ ಬೆರೆಸುತ್ತಾರೆ. ಗಾಳಿ ಹೊರಗೆಳೆದು, ನಡುಗಿಸುತ್ತಾ ಒತ್ತಿ, ಆಮೇಲೆ ಬಿಸಿ ಕೊಟ್ಟು ಗಟ್ಟಿ ಮಾಡುತ್ತಾರೆ. ಈ ವಿಧಾನ ಬೆಳೆಸಿದ್ದು ಇಟಲಿಯ ಬ್ರೆಟನ್ ಕಂಪನಿ. ಆ ಕಂಪನಿ ಶುರುವಾದದ್ದು 1963ರಲ್ಲಿ. ಈಗ ನಮ್ಮ ಪಕ್ಕದ ಆಂಧ್ರ, ತೆಲಂಗಾಣದಲ್ಲೂ ಇಂಥ ಕಾರ್ಖಾನೆಗಳಿವೆ.

ತೂಕದಲ್ಲಿ ನೂರಕ್ಕೆ ಸುಮಾರು 90 ರಿಂದ 93 ಭಾಗ ಕಲ್ಲು, ಉಳಿದದ್ದು ಅಂಟು ಮತ್ತು ಬಣ್ಣ. ಅಂಟು ಹಗುರ. ಹಾಗಾಗಿ ಜಾಗದ ಲೆಕ್ಕ ಹಾಕಿದರೆ ಸ್ಲಾಬಿನ ಆರನೇ ಒಂದು ಭಾಗದಷ್ಟು ಅಂಟೇ ಇರುತ್ತದೆ.

ಬೆಣಚುಕಲ್ಲಿಗೆ ಕಪ್ಪು ಬಣ್ಣ ಇಲ್ಲ. ಸ್ಲಾಬಿನ ಕಪ್ಪೆಲ್ಲ ಇರುವುದು ಆ ಅಂಟಿನಲ್ಲಿ. ಬೆಂಕಿ, ಬಿಸಿಲು, ಆಸಿಡ್ ಇವೆಲ್ಲ ಕಲ್ಲಿಗೆ ಏನೂ ಮಾಡದಿದ್ದರೂ ಅಂಟನ್ನು ಹಾಳು ಮಾಡುತ್ತವೆ. ಬಿಳಿ ಸ್ಲಾಬಿನಲ್ಲಿ ಆ ಹಾನಿ ಅಷ್ಟಾಗಿ ಕಾಣದೆ ಹೋಗಬಹುದು. ಕಪ್ಪಿನಲ್ಲಿ ಬೆಳ್ಳಗೆ ಎದ್ದು ಕಾಣುತ್ತದೆ. ಇದೊಂದು ತಲೆಯಲ್ಲಿದ್ದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನಿಮಗೇ ಉತ್ತರ ಹೊಳೆಯುತ್ತದೆ.

ಕಪ್ಪಾದ್ರೆ ಕೊಳೆ ಕಾಣಲ್ಲ ಅಂತ ಎಲ್ರೂ ಹೇಳ್ತಾರೆ. ನಿಜಾನಾ?

ನಿಜ ಅಲ್ಲ. ಈ ನಂಬಿಕೆಯಿಂದಲೇ ಕಪ್ಪು ಆರಿಸಿದವರು ಎಷ್ಟೋ ಜನ. ಆಮೇಲೆ ಬೇಜಾರು ಮಾಡಿಕೊಳ್ಳುವವರೂ ಅವರೇ.

ಅರಿಶಿನ, ಟೀ, ಹುಣಸೆ ರಸದ ಕಲೆ ಕಪ್ಪಿನ ಮೇಲೆ ಕಾಣುವುದಿಲ್ಲ, ಅಷ್ಟು ಸರಿ. ಆದರೆ ಜೋಳದ ಹಿಟ್ಟು, ಧೂಳು, ಬೋರ್ ನೀರಿನ ಹನಿ, ಬೆರಳಿನ ಗುರುತು, ಒರೆಸಿದ ಬಟ್ಟೆಯ ನೂಲು ಎಲ್ಲಾ ಕಾಣುತ್ತದೆ. ನಮ್ಮೂರಿನ ಬೇಸಿಗೆ ಗೊತ್ತಲ್ಲ, ಬೆಳಿಗ್ಗೆ ಒರೆಸಿದ ಜಾಗದಲ್ಲಿ ಮಧ್ಯಾಹ್ನ ಬೆರಳಾಡಿಸಿದರೆ ಗೆರೆ ಮೂಡುತ್ತದೆ. ಹರಿಹರ ರಸ್ತೆ, ಪಿ.ಬಿ. ರಸ್ತೆ ಕಡೆ ಕಿಟಕಿ ತೆರೆದಿಡುವ ಮನೆಗಳಲ್ಲಿ ಇನ್ನೂ ಜಾಸ್ತಿ. ನಿಜವಾಗಿ ಕೊಳೆ ಕಾಣಬಾರದು ಅಂದರೆ ಚುಕ್ಕಿ ಚುಕ್ಕಿ ಇರುವ ನಡುಬೂದು ಬಣ್ಣ ತೆಗೆದುಕೊಳ್ಳಿ. ಕಪ್ಪು ಇಷ್ಟ ಅನ್ನುವವರು ಇಷ್ಟಕ್ಕಾಗಿಯೇ ಹಾಕಿಸಿ, ದಿನಕ್ಕೆ ಎರಡು ಸಲ ಒರೆಸುತ್ತೇವೆ ಅಂತ ಒಪ್ಪಿಕೊಂಡು ಹಾಕಿಸಿ. ಆಗ ಅದರಷ್ಟು ಚೆಂದ ಬೇರೆ ಇಲ್ಲ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಚೆಲ್ಲಿದ ಸಾಸಿವೆ, ಕಪ್ಪಿರುವೆ, ಕಬ್ಬಿಣದ ಸೌಟು ಇವು ಕಪ್ಪು ಕಟ್ಟೆಯ ಮೇಲೆ ಕಾಣುವುದೇ ಇಲ್ಲ. ಕಣ್ಣು ಮಂದವಾದ ಹಿರಿಯರು ಅಡುಗೆ ಮಾಡುವ ಮನೆಯಾದರೆ ಇದನ್ನು ಯೋಚಿಸಲೇಬೇಕು. ಕಟ್ಟೆಯ ಅಂಚು ಎಲ್ಲಿ ಮುಗಿಯುತ್ತದೆ ಅಂತ ಅವರಿಗೆ ಸಂಜೆ ಹೊತ್ತು ಗೊತ್ತಾಗುವುದಿಲ್ಲ, ಲೋಟ ಜಾರಿ ಬೀಳುತ್ತದೆ.

ಚಾಮರಾಜನಗರದ ಕಪ್ಪು ಗ್ರಾನೈಟೇ ಸಿಗುತ್ತಲ್ಲ. ಇದಕ್ಕ್ಯಾಕೆ ಜಾಸ್ತಿ ದುಡ್ಡು ಕೊಡ್ಬೇಕು?

ಅಚ್ಚ ಕಪ್ಪು ಮಾತ್ರ ಬೇಕಿದ್ದರೆ ಕೊಡಬೇಡಿ. ಒಳ್ಳೆ ಕಪ್ಪು ಗ್ರಾನೈಟ್ ನಮ್ಮ ರಾಜ್ಯದ ಆಸ್ತಿ. ಬಿಸಿ ತಡೆಯುತ್ತದೆ, ಬಿಸಿಲು ತಡೆಯುತ್ತದೆ. ಹೊಳಪು ಹೋದರೆ ಮನೆಯಲ್ಲೇ ಮತ್ತೆ ಪಾಲಿಶ್ ಹಾಕಿಸಬಹುದು. ಕ್ವಾರ್ಟ್ಜ್‌ಗೆ ಮನೆಯಲ್ಲಿ ಕಾರ್ಖಾನೆಯ ಹೊಳಪು ತರುವುದು ತುಂಬಾ ಕಷ್ಟ.

ಕ್ವಾರ್ಟ್ಜ್‌ಗೆ ದುಡ್ಡು ಕೊಡುವುದು ಬೇರೆ ಕಾರಣಕ್ಕೆ. ಎಲ್ಲ ಸ್ಲಾಬಿನಲ್ಲೂ ಒಂದೇ ಬಣ್ಣ ಸಿಗುತ್ತದೆ. ಕಪ್ಪಿನ ಮೇಲೆ ಬಿಳಿ ಅಥವಾ ಹೊಂಬಣ್ಣದ ಎಳೆ ಬೇಕೆಂದರೆ ಸಿಗುತ್ತದೆ. ಕಡು ಹಸಿರು, ಇದ್ದಿಲು ಬಣ್ಣ ಸಿಗುತ್ತವೆ. ನೀರು, ಎಣ್ಣೆ ಹೀರುವುದು ತೀರಾ ಕಡಿಮೆ, ಕಲೆ ಇಳಿಯದಂತೆ ಕಲ್ಲಿಗೆ ಸೀಲರ್ ದ್ರವ ಹಚ್ಚುವ ಕೆಲಸ ಇಲ್ಲ. ಇವು ನಿಮಗೆ ಮುಖ್ಯವಾ ಅಂತ ಕೇಳಿಕೊಳ್ಳಿ.

ಹೊಳಪು ತಗೊಳ್ಳೋದಾ, ಮ್ಯಾಟ್ ತಗೊಳ್ಳೋದಾ?

ಹೊಳಪಿನದ್ದರ ಮೇಲೆ ನೀರಿನ ಕಲೆ, ಧೂಳು ಕಾಣುತ್ತದೆ, ಎಣ್ಣೆ ಬೇಗ ಒರೆಸಿ ಹೋಗುತ್ತದೆ. ಮ್ಯಾಟ್‌ ಮೇಲೆ ಧೂಳು ಕಡಿಮೆ ಕಾಣುತ್ತದೆ, ಆದರೆ ಎಣ್ಣೆ ಕೈ ಇಟ್ಟರೆ ಐದು ಬೆರಳೂ ಮೂಡುತ್ತವೆ. ದಿನಾ ಒಗ್ಗರಣೆ, ಕರಿಯುವುದು ಇರುವ ಅಡುಗೆಮನೆಗೆ ನಾನು ಹೊಳಪನ್ನೇ ಹೇಳುತ್ತೇನೆ. ಊಟದ ಮೇಜು, ಟಿ.ವಿ. ಕೆಳಗಿನ ಹಲಗೆ, ಆಫೀಸ್ ಟೇಬಲ್ಲಿಗೆ ಮ್ಯಾಟ್ ಚೆನ್ನ.

ಅಂಗಡಿಯಲ್ಲಿ ನೋಡಿದ ಬಣ್ಣ ಮನೆಗೆ ಬಂದ್ಮೇಲೆ ಬೇರೇನೇ ಕಾಣುತ್ತೆ. ಮೋಸ ಮಾಡ್ತಾರಾ?

ಬಹಳ ಸಲ ಮೋಸ ಅಲ್ಲ, ಬೆಳಕು. ಅಂಗಡಿಯಲ್ಲಿ ಸ್ಲಾಬನ್ನು ನಿಲ್ಲಿಸಿ, ಮೇಲಿಂದ ದೀಪ ಬಿಟ್ಟಿರುತ್ತಾರೆ. ಮನೆಯಲ್ಲಿ ಅದು ಮಲಗಿರುತ್ತದೆ, ಕಿಟಕಿಯ ಬೆಳಕು ಪಕ್ಕದಿಂದ ಬೀಳುತ್ತದೆ. ಕಡು ಹಸಿರು ಕಪ್ಪಾಗುತ್ತದೆ, ಕಪ್ಪು ಬೂದಾಗುತ್ತದೆ.

ಒಂದಡಿ ತುಂಡು ಕೇಳಿ ತನ್ನಿ. ಸುಮ್ನೆ ಟೀಪಾಯಿ ಮೇಲೆ ಇಡಬೇಡಿ, ಒಂದು ವಾರ ಈಗಿನ ಒಲೆಯ ಪಕ್ಕದಲ್ಲೇ ಇಡಿ. ನಿಮ್ಮ ನಲ್ಲಿ ನೀರು ಚೆಲ್ಲಿ ಒಣಗಲು ಬಿಡಿ. ಎಣ್ಣೆ ಕೈಯಲ್ಲಿ ಮುಟ್ಟಿ. ಹಿಟ್ಟು ಉದುರಿಸಿ ಒರೆಸಿ. ಆ ವಾರದಲ್ಲಿ ನಿಮಗೆ ಸಿಟ್ಟು ಬರದಿದ್ದರೆ ಆ ಕಲ್ಲು ನಿಮ್ಮದು. ತುಂಡು ಕೊಡದ ಅಂಗಡಿ ಬಿಟ್ಟು ಮುಂದಿನದಕ್ಕೆ ಹೋಗಿ.

## ಅಡುಗೆಮನೆ, ದೇವರಮನೆ

ರೊಟ್ಟಿ ಹಂಚು ಇಳಿಸಿ ಹಂಗೇ ಕಟ್ಟೆ ಮೇಲೆ ಇಡೋದು ನಮ್ಮ ಅಭ್ಯಾಸ. ನಡೆಯುತ್ತಾ?

ನಡೆಯುವುದಿಲ್ಲ. ನಮ್ಮ ಮನೆಯಲ್ಲೇ ಇದಾಗಿದೆ. ಕಪ್ಪು ಕಟ್ಟೆ ಹಾಕಿಸಿ ಹದಿನೈದು ದಿನವೂ ಆಗಿರಲಿಲ್ಲ. ಊರಿಂದ ಬಂದ ಅತ್ತೆ ರೊಟ್ಟಿ ಮಾಡಿ, ಗ್ರಾನೈಟ್ ಕಟ್ಟೆಯ ರೂಢಿಯಲ್ಲಿ ಹಂಚನ್ನು ಪಕ್ಕಕ್ಕಿಟ್ಟರು. ಅರ್ಧ ಚಂದ್ರನ ಹಾಗೆ ಬಿಳಿ ಗುರುತು ಉಳಿಯಿತು. ಏನೇನೋ ಹಚ್ಚಿ ಉಜ್ಜಿದೆ, ಹೋಗಲಿಲ್ಲ. ತಪ್ಪು ಅವರದ್ದಲ್ಲ. ಮೊದಲೇ ಹೇಳಬೇಕಾದದ್ದು ನಾನು.

ಸುಮಾರು 150 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂಟು ಸುಡಲು ಶುರುವಾಗಬಹುದು. ಕಾದ ರೊಟ್ಟಿ ಹಂಚು 200 ಡಿಗ್ರಿ ಸುಲಭವಾಗಿ ದಾಟಿರುತ್ತದೆ. ಕರಿಯುವ ಎಣ್ಣೆ 180ರ ಆಸುಪಾಸು ಇರುತ್ತದೆ. ಒಂದೇ ಜಾಗಕ್ಕೆ ತಟ್ಟನೆ ಬಿಸಿ ತಗುಲಿದರೆ ಬಿರುಕೂ ಬಿಡಬಹುದು. ಕುಕ್ಕರ್ ಆದರೂ ಒಲೆಯಿಂದ ಇಳಿಸಿದ ತಕ್ಷಣ ನೇರ ಇಡಬೇಡಿ.

ಪರಿಹಾರ ಹಳೆಯದೇ ಇದೆ. ಸಿಂಬೆ, ಇಲ್ಲವೇ ಮರದ ಮಣೆ. ನಾನು ಈಗ ಒಲೆಯ ಬಲಕ್ಕೆ ಒಂದೂವರೆ ಅಡಿ ಮಾತ್ರ ಕಪ್ಪು ಗ್ರಾನೈಟ್ ಹಾಕಿಸುತ್ತೇನೆ, ಉಳಿದದ್ದು ಕ್ವಾರ್ಟ್ಜ್. ಹಂಚು, ಬಾಣಲೆ ಅಲ್ಲಿಗೇ ಹೋಗುತ್ತವೆ. ಅಭ್ಯಾಸ ಬದಲಿಸಿ ಅಂತ ಮನೆಯ ಹೆಂಗಸರಿಗೆ ಹೇಳುವುದಕ್ಕಿಂತ ಕಟ್ಟೆಯನ್ನು ಅಭ್ಯಾಸಕ್ಕೆ ಹೊಂದಿಸುವುದು ಒಳ್ಳೆಯದು.

ಕಟ್ಟೆ ಮೇಲೇ ರೊಟ್ಟಿ ಬಡೀಬಹುದಾ? ತರಕಾರಿ ಹೆಚ್ಚಬಹುದಾ?

ರೊಟ್ಟಿ ಧಾರಾಳವಾಗಿ ಬಡಿಯಿರಿ, ಹೊಳಪಿನ ಕಟ್ಟೆಯಾದರೆ ಹಿಟ್ಟು ಚೆನ್ನಾಗಿ ಬಿಡುತ್ತದೆ. ಆದರೆ ತೆಂಗಿನಕಾಯಿಯನ್ನು ಅಂಚಿಗೆ ಕುಟ್ಟಿ ಒಡೆಯಬೇಡಿ, ಕಲ್ಲಿನ ಚಕ್ಕೆ ಹಾರುತ್ತದೆ.

ಚಾಕು ಬಳಸಲು ಮಣೆ ಬೇಕು. ಗಡಸುತನದಲ್ಲಿ ಬೆಣಚುಕಲ್ಲಿಗೆ ಹತ್ತಕ್ಕೆ 7 ಅಂಕ, ಚಾಕುವಿನ ಉಕ್ಕು ಅದಕ್ಕಿಂತ ಮೆತ್ತಗೆ. ಹಾಗಾಗಿ ಮೊದಲು ಸವೆಯುವುದು ಚಾಕುವೇ. ಸವೆದ ಲೋಹ ಕಲ್ಲಿನ ಮೇಲೆ ಬೂದು ಗೆರೆಯಾಗಿ ಕೂರುತ್ತದೆ. ಸ್ಟೀಲ್ ಪಾತ್ರೆ ಎಳೆದಾಡಿದರೂ ಅದೇ ಗೆರೆ. ಮ್ಯಾಟ್ ಕಪ್ಪಿನಲ್ಲಿ ಇದನ್ನು ನೋಡಿ "ಕಲ್ಲು ಗೀರಿತು" ಅಂತ ಗಾಬರಿಯಾಗಿ ಫೋನ್ ಮಾಡುತ್ತಾರೆ. ಮೆದು ಕ್ರೀಮ್ ಕ್ಲೀನರ್ ಹಾಕಿ ಸ್ಪಂಜಿನಲ್ಲಿ ತಿಕ್ಕಿದರೆ ಸಾಮಾನ್ಯವಾಗಿ ಹೋಗುತ್ತದೆ. ಹೋಗದೆ ಉಳಿಯುವುದು ಮರಳಿನ ಗೀರು. ಮಿಕ್ಸಿ, ಗ್ರೈಂಡರ್ ತಳದಲ್ಲಿ ಮರಳು ಸಿಕ್ಕಿಕೊಂಡಿದ್ದರೆ ಅದೂ ಬೆಣಚುಕಲ್ಲೇ, ಸಮಸಮ ಗಟ್ಟಿ. ಕೆಳಗೆ ರಬ್ಬರ್ ಮ್ಯಾಟ್ ಹಾಕಿ.

ಬೋರ್ ನೀರು. ಸಿಂಕ್ ಸುತ್ತ ಬೆಳ್ಳಗೆ ಕಟ್ಟಿಕೊಂಡಿದೆ. ಕಲ್ಲು ಕೆಟ್ಟು ಹೋಯ್ತಾ?

ಕಲ್ಲು ಕೆಟ್ಟಿಲ್ಲ. ಗಡಸು ನೀರು ಒಣಗಿದಾಗ ಅದರಲ್ಲಿನ ಸುಣ್ಣದಂಶ ಉಳಿಯುತ್ತದೆ. ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ, ಐದು ನಿಮಿಷ ಆ ಜಾಗದ ಮೇಲೆ ಹಾಕಿ. ಮೆತ್ತಗೆ ತಿಕ್ಕಿ, ಚೆನ್ನಾಗಿ ತೊಳೆದು ಒಣಗಿಸಿ. ನಿಂಬೆಹಣ್ಣಿನ ಸಿಪ್ಪೆಯೂ ಆಗುತ್ತದೆ. ಮಾರ್ಬಲ್ ಅಥವಾ ಕಡಪ ಕಲ್ಲಿಗೆ ಮಾತ್ರ ಹೀಗೆ ಮಾಡಬೇಡಿ, ಹುಳಿ ಅವುಗಳನ್ನು ತಿನ್ನುತ್ತದೆ.

ಮತ್ತೆ ಕಟ್ಟದಿರಲು ಒಂದೇ ದಾರಿ, ರಾತ್ರಿ ಪಾತ್ರೆ ತೊಳೆದ ಮೇಲೆ ಸಿಂಕ್ ಸುತ್ತ ಒಣಬಟ್ಟೆ ಆಡಿಸುವುದು. ಮನೆಗೆ ಬೋರ್ ನೀರು ಮಾತ್ರ ಇದೆ, ಒರೆಸುವ ಪುರುಸೊತ್ತಿಲ್ಲ ಅಂದರೆ ಸಿಂಕ್ ಇರುವ ಭಾಗಕ್ಕೆ ಕಡು ಬಣ್ಣ ಬೇಡ ಅಂತ ನೇರವಾಗಿ ಹೇಳುತ್ತೇನೆ.

ಟೈಲ್ಸ್ ಕೆಲಸ ಮುಗಿದ್ಮೇಲೆ ಆಸಿಡ್ ಹಾಕಿ ತೊಳೀತೀವಿ ಅಂತಾರೆ. ಕಟ್ಟೆಗೂ ಹಾಕ್ಬೋದಾ?

ಬೇಡವೇ ಬೇಡ. ಒಂದು ಕ್ಲಿನಿಕ್‌ನಲ್ಲಿ ನೆಲ ತೊಳೆಯುವವರು ಉಳಿದ ಆಸಿಡನ್ನು ಹೊಸ ಕಪ್ಪು ಕೌಂಟರಿನ ಸಿಮೆಂಟ್ ಕಲೆಗೂ ಹಾಕಿಬಿಟ್ಟರು. ಹೊಳಪು ತೇಪೆ ತೇಪೆಯಾಗಿ ಹೋಯಿತು. ಶೌಚಾಲಯದ ಆಸಿಡ್, ಪೈಪಿನ ಕಟ್ಟು ಬಿಡಿಸುವ ಕಾಸ್ಟಿಕ್ ಪುಡಿ, ಪೇಂಟ್ ತೆಗೆಯುವ ದ್ರಾವಣ, ಬ್ಲೀಚ್ ಇವನ್ನೆಲ್ಲ ದೂರ ಇಡಿ. ಪಾತ್ರೆ ಸೋಪು, ನೀರು, ಮೈಕ್ರೋಫೈಬರ್ ಬಟ್ಟೆ ಸಾಕು. ಕೆಲಸ ಮುಗಿಯುವವರೆಗೆ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಟೇಪ್ ಹಚ್ಚಿಸಿಬಿಡಿ.

ದೇವರಮನೆಗೆ ಕಪ್ಪು ಹಾಕಿಸಬಹುದಾ?

ಶಾಸ್ತ್ರದ ಮಾತು ಮನೆಯ ಹಿರಿಯರಿಗೆ ಬಿಟ್ಟದ್ದು. ಬಳಕೆಯ ಮಾತು ಹೇಳುತ್ತೇನೆ. ವಿಭೂತಿ ಉದುರಿದ್ದು, ಕರ್ಪೂರದ ಮಸಿ, ದೀಪದ ಎಣ್ಣೆ ಮೂರೂ ದಿನಾ ಬೀಳುವ ಜಾಗ ಅದು. ಹಿಂದಿನ ಗೋಡೆಗೆ ಕಪ್ಪು ಹಾಕಿದರೆ ದೀಪದ ಬೆಳಕಿಗೆ ತುಂಬಾ ಚೆನ್ನಾಗಿ ಕಾಣುತ್ತದೆ. ಪೀಠಕ್ಕೆ ತಿಳಿ ಬಣ್ಣ ಇರಲಿ. ಕರ್ಪೂರವನ್ನು ತಟ್ಟೆಯಲ್ಲೇ ಹಚ್ಚಿ.

ಅಡುಗೆಮನೆ ಸಣ್ಣದು. ಕಪ್ಪು ಹಾಕಿದ್ರೆ ಕತ್ತಲೆ ಆಗಲ್ವಾ?

ಕಟ್ಟೆ ಮಾತ್ರ ಕಪ್ಪಿದ್ದು ಗೋಡೆ, ಬೀರುವಿನ ಬಾಗಿಲು ತಿಳಿ ಬಣ್ಣದಲ್ಲಿದ್ದರೆ ಆಗುವುದಿಲ್ಲ. ಮೇಲಿನ ಬೀರುವಿನ ಅಡಿಗೆ ದೀಪದ ಪಟ್ಟಿ ಹಾಕಿಸಿ. ಹೊಳಪಿನ ಕಲ್ಲಾದರೆ ಪಟ್ಟಿಗೆ ಹಾಲುಬಣ್ಣದ ಮುಚ್ಚಳ ಇರಬೇಕು, ಇಲ್ಲದಿದ್ದರೆ ಎಲ್‌ಇಡಿ ಚುಕ್ಕಿಗಳೆಲ್ಲ ಕಟ್ಟೆಯಲ್ಲಿ ಸಾಲಾಗಿ ಕಂಡು ಕಣ್ಣು ಕುಕ್ಕುತ್ತವೆ. ಹಳೆ ಬಡಾವಣೆಗಳ ಎಷ್ಟೋ ಮನೆಗಳಲ್ಲಿ ಅಡುಗೆಮನೆ ಕಿಟಕಿ ತೆರೆದರೆ ಮೂರಡಿಗೆ ಪಕ್ಕದ ಮನೆ ಗೋಡೆ. ಅಂಥಲ್ಲಿ ಕಪ್ಪು ಬೇಡ.

## ಅಂಗಡಿ, ಹೋಟೆಲ್, ಕ್ಲಿನಿಕ್

ಬೆಣ್ಣೆ ದೋಸೆ ಹೋಟೆಲ್ ಮಾಡ್ತಿದ್ದೀವಿ. ಅಡುಗೆ ಕಟ್ಟೆ, ಟೇಬಲ್ಲು, ಕ್ಯಾಶ್ ಕೌಂಟರ್ ಎಲ್ಲಾ ಕಪ್ಪು ಕ್ವಾರ್ಟ್ಜ್ ಮಾಡಿಸೋಣ?

ಮೂರನ್ನೂ ಬೇರೆ ಬೇರೆ ನೋಡಿ. ಕಾವಲಿ ಇರುವ ಕಡೆ ಕ್ವಾರ್ಟ್ಜ್ ಸುಳಿಯಲೇಬಾರದು. ಸೌದೆ ಒಲೆಯಾಗಲಿ ಗ್ಯಾಸ್ ಆಗಲಿ, ಅಲ್ಲಿ ಸ್ಟೀಲ್ ಅಥವಾ ಗ್ರಾನೈಟ್. ಕ್ಯಾಶ್ ಕೌಂಟರಿಗೆ ಕಪ್ಪು ಧಾರಾಳವಾಗಿ ಹಾಕಿಸಿ.

ಟೇಬಲ್ ವಿಷಯಕ್ಕೆ ನಿಧಾನಿಸಿ. ಬೆಣ್ಣೆ ಕೈ, ಬಿಳಿ ಕೊಬ್ಬರಿ ಚಟ್ನಿ, ಗಡಿಬಿಡಿಯಲ್ಲಿ ಒರೆಸುವ ಒದ್ದೆ ಬಟ್ಟೆ. ಮ್ಯಾಟ್ ಕಪ್ಪು ಮೇಲ್ಮೈ ಮಧ್ಯಾಹ್ನದ ಹೊತ್ತಿಗೆ ಮಂಕಾಗಿ ಕಾಣುತ್ತದೆ. ಚುಕ್ಕಿ ಇರುವ ಕಡುಬೂದು, ಹೊಳಪಿನದ್ದು ತೆಗೆದುಕೊಳ್ಳಿ. ಅಂಚಿಗೆ ಫುಲ್ ರೌಂಡ್ ಮೋಲ್ಡಿಂಗ್ ಮಾಡಿಸಿ, ಚೂಪು ಅಂಚಿಗೆ ಸ್ಟೀಲ್ ತಟ್ಟೆ ತಗುಲಿ ತಗುಲಿ ಚಿಪ್ಪು ಹಾರುತ್ತದೆ. ತೂಕವೂ ಲೆಕ್ಕಕ್ಕಿರಲಿ. 20 ಮಿಲಿಮೀಟರ್ ದಪ್ಪದ ಕ್ವಾರ್ಟ್ಜ್ ಚದರ ಅಡಿಗೆ ಸುಮಾರು ನಾಲ್ಕೂವರೆ ಕೆಜಿ. ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಟೇಬಲ್ ಅಂದರೆ 45 ಕೆಜಿ. ಹಗುರ ಪೈಪಿನ ಕಾಲು ತಡೆಯುವುದಿಲ್ಲ.

ಬಂಗಾರದ ಅಂಗಡಿ, ಬಟ್ಟೆ ಅಂಗಡಿ ಕೌಂಟರಿಗೆ ಕಪ್ಪು ಹೇಗೆ?

ಬಂಗಾರಕ್ಕೆ ಕಪ್ಪಿನಷ್ಟು ಒಳ್ಳೆ ಹಿನ್ನೆಲೆ ಇಲ್ಲ, ಮ್ಯಾಟ್ ಹಾಕಿಸಿ. ಹೊಳಪಾದರೆ ಮೇಲಿನ ದೀಪಗಳೆಲ್ಲ ಕೌಂಟರಿನಲ್ಲೇ ಕಂಡು ಒಡವೆಯ ಮೇಲೆ ಕಣ್ಣು ನಿಲ್ಲುವುದಿಲ್ಲ. ಬಟ್ಟೆ ಅಂಗಡಿಗೆ ನಾನು ಹೇಳುವುದಿಲ್ಲ, ನೂಲು ಧೂಳು ಇಡೀ ದಿನ ಬೀಳುತ್ತದೆ.

ಕ್ಲಿನಿಕ್ ನೆಲಕ್ಕೆ ಕಪ್ಪು ಹೊಳಪಿನದ್ದು ಹಾಕಿದ್ರೆ ರಿಚ್ ಆಗಿ ಕಾಣುತ್ತಲ್ಲ?

ಕಾಣುತ್ತದೆ, ಮೊದಲ ರೋಗಿ ಚಪ್ಪಲಿಯಲ್ಲಿ ಒಳಗೆ ಬರುವವರೆಗೆ. ಒದ್ದೆಯಾದರೆ ಜಾರುತ್ತದೆ. ಕಪ್ಪಿನ ಮೇಲೆ ಚೆಲ್ಲಿದ ನೀರು ಕಾಣುವುದೂ ಇಲ್ಲ. ವಯಸ್ಸಾದವರು ಓಡಾಡುವ ಜಾಗಕ್ಕೆ ಬೇಡ.

## ಆರ್ಡರ್ ಕೊಡುವ ಮುಂಚೆ

ಮುಂಬಾಗಿಲ ಮೆಟ್ಟಿಲು, ತುಳಸಿಕಟ್ಟೆ, ಬಾಲ್ಕನಿಗೂ ಅದೇ ಕಲ್ಲು ಹಾಕ್ಸಿದ್ರೆ ಮ್ಯಾಚ್ ಆಗುತ್ತಲ್ಲ?

ಮೊದಲ ವರ್ಷ ಮ್ಯಾಚ್ ಆಗುತ್ತದೆ. ಆಮೇಲೆ ಬಿಸಿಲಿಗೆ ಅಂಟಿನ ಬಣ್ಣ ಮಂಕಾಗುತ್ತಾ ಹೋಗುತ್ತದೆ. ಬಹಳ ಕಂಪನಿಗಳ ವಾರಂಟಿಯಲ್ಲಿ ಹೊರಗಿನ ಬಳಕೆ ಸೇರಿರುವುದಿಲ್ಲ. ದುರ್ಗದ ಕೋಟೆಯ ಬಂಡೆಗಳು ನೂರಾರು ವರ್ಷದಿಂದ ಅದೇ ಬಿಸಿಲಲ್ಲಿ ನಿಂತಿವೆ. ಹೊರಗೆ ಗ್ರಾನೈಟೇ ಹಾಕಿಸಿ. ಪಶ್ಚಿಮದ ದೊಡ್ಡ ಕಿಟಕಿಯ ಕೆಳಗೆ ಕಟ್ಟೆ ಬರುವುದಾದರೂ ಪರದೆ ಇರಲಿ.

ಕಟ್ಟೆ 20 ಚದರ ಅಡಿ. ಅಂಗಡಿಯವ್ರು ಪೂರ್ತಿ ಸ್ಲಾಬಿನ ದುಡ್ಡು ಕೇಳ್ತಾರೆ. ಸರೀನಾ?

ರೂಢಿ ಹಾಗಿದೆ. ಕ್ವಾರ್ಟ್ಜ್ ಸ್ಲಾಬ್ ಸಾಮಾನ್ಯವಾಗಿ 3,050 ಮಿಮೀ ಉದ್ದ, 1,400 ಮಿಮೀ ಅಗಲ, ಅಂದರೆ ಸುಮಾರು 46 ಚದರ ಅಡಿ. ದೊಡ್ಡದು 3,200ಕ್ಕೆ 1,600, ಸುಮಾರು 55 ಚದರ ಅಡಿ. ನಿಮ್ಮ ಹತ್ತಡಿ ಉದ್ದ, ಎರಡಡಿ ಅಗಲದ ಕಟ್ಟೆಗೆ ಅರ್ಧ ಸ್ಲಾಬೂ ಖರ್ಚಾಗುವುದಿಲ್ಲ. ಉಳಿದದ್ದು ಬಿಟ್ಟು ಬರಬೇಡಿ. ಕಿಟಕಿ ದಂಡೆ, ಸ್ಟಡಿ ಟೇಬಲ್, ವಾಶ್‌ಬೇಸಿನ್ ಹಲಗೆ ಇವುಗಳ ಅಳತೆ ಮೊದಲೇ ಕೊಟ್ಟು ಒಂದೇ ಸ್ಲಾಬಿನಲ್ಲಿ ಕೂರಿಸಿ. ಎರಡು ಸ್ಲಾಬ್ ಬೇಕಿದ್ದರೆ ಒಂದೇ ಲಾಟಿನದ್ದು, ಅಂದರೆ ಒಂದೇ ಸಲ ತಯಾರಾದದ್ದು ಕೇಳಿ, ಹಿಂಬದಿಯ ನಂಬರ್ ನೋಡಿ. ಕಪ್ಪು ಅಂದರೆ ಕಪ್ಪೇ ಅಂದುಕೊಳ್ಳಬೇಡಿ, ಎರಡು ಲಾಟು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಕಾಣುತ್ತದೆ.

ಕಟಿಂಗ್, ಮೋಲ್ಡಿಂಗ್, ಸಿಂಕ್ ರಂಧ್ರ, ಸಾಗಾಟ ಬೆಲೆಯಲ್ಲಿ ಸೇರಿದೆಯಾ ಅಂತ ಬರೆಸಿಕೊಳ್ಳಿ. ಪೂರ್ತಿ ಸ್ಲಾಬ್ 200 ಕೆಜಿ ದಾಟುತ್ತದೆ. ಮೂರನೇ ಮಹಡಿಯಾದರೆ ಹತ್ತಿಸುವ ಕೂಲಿಯೂ ಮೊದಲೇ ಮಾತಾಡಿ.

ಒಲೆಗೆ ಕೊರೆದ ಜಾಗದ ಮೂಲೆಯಲ್ಲೇ ಬಿರುಕು ಬಂತು. ಕಲ್ಲು ಕಳಪೇನಾ?

ಹೆಚ್ಚಾಗಿ ಕೊರೆದ ರೀತಿಯ ತಪ್ಪು. ಹಾಬ್ (ಕಟ್ಟೆಯೊಳಗೆ ಕೂರುವ ಒಲೆ) ಕೂರಿಸಲು ಮೂಲೆಯನ್ನು ಚೌಕವಾಗಿ ಕೊಯ್ದರೆ ಒತ್ತಡವೆಲ್ಲ ಆ ಮೂಲೆಗೇ ಬೀಳುತ್ತದೆ, ಬಿಸಿ ಬೇರೆ ಸೇರುತ್ತದೆ. ಮೂಲೆ ಗುಂಡಾಗಿರಬೇಕು. ಗೋಡೆಗೂ ಕಲ್ಲಿಗೂ ನಡುವೆ ಎರಡು ಮೂರು ಮಿಮೀ ಬಿಟ್ಟು ಸಿಲಿಕೋನ್ ತುಂಬಬೇಕು. ಕೆಳಗಿನ ತಳ ಮಟ್ಟವಾಗಿರಬೇಕು. ಕಟ್ಟೆಯನ್ನು 8 ರಿಂದ 10 ಇಂಚಿಗಿಂತ ಮುಂದಕ್ಕೆ ಚಾಚಿದರೆ ಅಡಿಗೆ ಬ್ರಾಕೆಟ್ ಕೊಡಿಸಿ.

ನಿಜವಾದ ಕ್ವಾರ್ಟ್ಜ್ ಅಂತ ಹೇಗೆ ಗೊತ್ತಾಗುತ್ತೆ?

ಮುರಿದ ತುಂಡಿನ ಅಂಚು ನೋಡಿ. ಬಣ್ಣ ಮೇಲಿಂದ ಕೆಳಗಿನವರೆಗೆ ಒಂದೇ ಇರಬೇಕು. ಎಳೆ ಬರೀ ಮೇಲ್ಗಡೆ ಇದ್ದರೆ ಅಂಚು ಮೋಲ್ಡಿಂಗ್ ಮಾಡಿದಾಗ ಬಯಲಾಗುತ್ತದೆ. ಕಪ್ಪು ಗ್ರಾನೈಟ್ ತಗೊಳ್ಳುವವರಿಗೂ ಒಂದು ಮಾತು. ಬೂದು ಗ್ರಾನೈಟಿಗೆ ಬಣ್ಣ ಕುಡಿಸಿ ಕಪ್ಪು ಅಂತ ಮಾರುವುದುಂಟು. ಬಿಳಿ ಬಟ್ಟೆಗೆ ಥಿನ್ನರ್ ಹಾಕಿ ತಿಕ್ಕಿ, ಬಟ್ಟೆ ಕಪ್ಪಾದರೆ ಬಿಟ್ಟು ಬನ್ನಿ.

ಆಸ್ಟ್ರೇಲಿಯಾದಲ್ಲಿ ಇದನ್ನ ಬ್ಯಾನ್ ಮಾಡಿದ್ದಾರಂತೆ. ಮನೇಲಿ ಇದ್ರೆ ಅಪಾಯಾನಾ?

ಹೌದು, 1 ಜುಲೈ 2024ರಿಂದ ಅಲ್ಲಿ ನಿಷೇಧ ಇದೆ. ಕೂರಿಸಿದ ಕಟ್ಟೆಯಿಂದ ಮನೆಯವರಿಗೆ ಅಪಾಯ ಇಲ್ಲ. ಅಪಾಯ ಇರುವುದು ಕತ್ತರಿಸುವವರಿಗೆ. ಕ್ವಾರ್ಟ್ಜ್ ಸ್ಲಾಬಿನಲ್ಲಿ ಹರಳು ಸಿಲಿಕಾ, ಅಂದರೆ ಬೆಣಚುಕಲ್ಲಿನ ವಸ್ತು, ನೂರಕ್ಕೆ 90 ಭಾಗಕ್ಕೂ ಜಾಸ್ತಿ ಇರಬಹುದು. ಗ್ರಾನೈಟಿನಲ್ಲಿ ಸಾಮಾನ್ಯವಾಗಿ ಅದರ ಅರ್ಧವೂ ಇರುವುದಿಲ್ಲ. ಒಣಗಿದ ಸ್ಲಾಬಿಗೆ ಕೈ ಮಿಷನ್ ಹಚ್ಚಿದಾಗ ಏಳುವ ಸಣ್ಣ ಧೂಳು ಶ್ವಾಸಕೋಶದ ಆಳಕ್ಕೆ ಇಳಿದು ಅಲ್ಲೇ ಕೂರುತ್ತದೆ, ಗಾಯ ಮಾಡುತ್ತದೆ. ಅದೇ ಸಿಲಿಕೋಸಿಸ್. ವಾಸಿ ಮಾಡುವ ಔಷಧಿ ಇಲ್ಲ. ನಮ್ಮ 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲೂ ಅದರ ಹೆಸರಿತ್ತು.

ಸಿಲಿಕಾ ಕಡಿಮೆ ಇರುವ ಸ್ಲಾಬ್‌ಗಳೂ ಬರುತ್ತಿವೆ, ಅಂಗಡಿಯಲ್ಲಿ ಕೇಳಿ ನೋಡಿ.

ಮೇಸ್ತ್ರಿ ಮನೇಲೇ ಕಟ್ ಮಾಡ್ತೀನಿ, ಸಾವಿರ ರೂಪಾಯಿ ಉಳಿಯುತ್ತೆ ಅಂತಾರೆ. ಬಿಡ್ಲಾ?

ಬಿಡಬೇಡಿ. ಬಾಯಿಗೆ ಟವೆಲ್ ಸುತ್ತಿಕೊಂಡು ಬಿಳಿ ಧೂಳಿನ ಮಧ್ಯೆ ಕೂತಿರುವ ಹುಡುಗರನ್ನು ನೀವೂ ನೋಡಿರುತ್ತೀರಿ. ಇಪ್ಪತ್ತು, ಇಪ್ಪತ್ತೆರಡು ವಯಸ್ಸು. ಟವೆಲ್ ಆ ಧೂಳನ್ನು ತಡೆಯುವುದಿಲ್ಲ. ಮನೆಯಲ್ಲಿ ಅಳತೆ ಮಾತ್ರ ತೆಗೆಯಲಿ. ಕೊಯ್ಯುವುದು, ಸಿಂಕ್ ರಂಧ್ರ, ಅಂಚು ಎಲ್ಲವೂ ನೀರು ಹರಿಯುವ ಮಿಷನ್ ಇರುವ ಕಾರ್ಖಾನೆಯಲ್ಲಿ ಆಗಲಿ. ಮನೆಯಲ್ಲಿ ನಲ್ಲಿಯ ರಂಧ್ರ ಕೊರೆಯಲೇಬೇಕಾದರೆ ಒಬ್ಬರು ನೀರು ಬಿಡುತ್ತಿರಲಿ, ಕೊರೆಯುವವರಿಗೆ ಸರಿಯಾದ ಮಾಸ್ಕ್ ಇರಲಿ, ಮಕ್ಕಳು ಆಚೆ ಇರಲಿ. ಬಿದ್ದ ಧೂಳನ್ನು ಪೊರಕೆಯಲ್ಲಿ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ತೆಗೆಯಿರಿ. ಆರ್ಡರ್ ಕೊಡುವಾಗಲೇ "ನೀರು ಹಾಕಿ ಕೊಯ್ದರೆ ಮಾತ್ರ" ಅಂತ ಚೀಟಿಯಲ್ಲಿ ಬರೆಸಿ. ನಾನು ಎಲ್ಲಾ ಕೆಲಸಕ್ಕೂ ಬರೆಸುತ್ತೇನೆ.